ಬೆಳಕಿಂಡಿ ಕಿರಿದಾದಾಗ

ಸೆನ್ಸರ್ ಚಿಕ್ಕದಾದರೆ ವ್ಯೂಫೈಂಡರ್ ಮಂಕಾಗುತ್ತದೆ ಎಂಬುದು ಕ್ಯಾಮೆರಾಪ್ರಿಯರ ಬಾಯಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಮಾತು. ಅದು ಅರ್ಧ ನಿಜ. ಮಿಕ್ಕ ಅರ್ಧದಲ್ಲಿ ಕನ್ನಡಿ, ಗಾಜು, ಲೆನ್ಸು, ಕಾಸು ಎಲ್ಲಕ್ಕೂ ಪಾಲಿದೆ. 1972ರ ಒಂದು ಕ್ಯಾಮೆರಾದಿಂದ ಅದೇ ಹೆಸರು ಹೊತ್ತ 2022ರ ಇನ್ನೊಂದು ಕ್ಯಾಮೆರಾದವರೆಗೆ ಈ ಬೆಳಕಿನ ಜಾಡು.

ಜನವರಿಯ ಭಾನುವಾರ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಮುಗಿಯುವ ಹೊತ್ತು. ಬೆಳಗಿನಿಂದ ಕಾಲಿಡಲು ಜಾಗವಿರದ ರಸ್ತೆಯಲ್ಲಿ ಈಗ ಕ್ಯಾನ್ವಾಸುಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕಟ್ಟುವ ಗಡಿಬಿಡಿ. ಸೂರ್ಯ ಇನ್ನೂ ಪೂರ್ತಿ ಮುಳುಗಿಲ್ಲ, ಆದರೆ ಮರಗಳ ಕೆಳಗೆ ಆಗಲೇ ಕತ್ತಲು. ಪೆನ್ಸಿಲಿನಲ್ಲಿ ಮುಖ ಬರೆದುಕೊಡುವ ಕಲಾವಿದನೊಬ್ಬ ಕೊನೆಯ ಗಿರಾಕಿಯ ಮೂಗು ತಿದ್ದುತ್ತಿದ್ದಾನೆ. ಅವನ ಬೆರಳುಗಳ ಚಿತ್ರ ತೆಗೆಯಲು ಕಾಲೇಜು ಹುಡುಗಿಯೊಬ್ಬಳು ತನ್ನ ಡಿಎಸ್‌ಎಲ್‌ಆರ್ ಕಣ್ಣಿಗೊತ್ತಿಕೊಂಡು ಲೆನ್ಸಿನ ಉಂಗುರವನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದಾಳೆ. ಫೋಕಸ್ ಕೂತಿತೋ ಇಲ್ಲವೋ ಅವಳಿಗೇ ಗೊತ್ತಾಗುತ್ತಿಲ್ಲ.

ಪಕ್ಕದಲ್ಲಿ ಅರವತ್ತೈದು ದಾಟಿದವರೊಬ್ಬರು ನಿಂತಿದ್ದಾರೆ. ಕೊರಳಲ್ಲಿ ಫಿಲ್ಮ್ ಕಾಲದ ಒಲಿಂಪಸ್ ಒಎಂ-1. ಹುಡುಗಿಯ ಪರದಾಟ ನೋಡಿ ಕೊರಳಿಂದ ತೆಗೆದುಕೊಡುತ್ತಾರೆ. “ತಗೋಮ್ಮ, ಇದರಲ್ಲೊಂದ್ಸಲ ನೋಡು.”

“ಅಯ್ಯೋ ಅಂಕಲ್, ಎಷ್ಟು ದೊಡ್ಡದಾಗಿ ಕಾಣ್ತಿದೆ! ಒಳಗೆ ಡಿಸ್‌ಪ್ಲೇ ಇದೆಯಾ?”

“ಡಿಸ್‌ಪ್ಲೇನೂ ಇಲ್ಲ, ಕರೆಂಟೂ ಇಲ್ಲ. ಸೆಲ್ ಬೇಕಾಗೋದು ಮೀಟರಿಗೆ ಮಾತ್ರ. ಮಿಕ್ಕಿದ್ದೆಲ್ಲ ಕನ್ನಡಿ, ಗಾಜು.”

“ನಂದರಲ್ಲೂ ಕನ್ನಡೀನೇ ಅಲ್ವಾ ಇರೋದು? ಮತ್ತೆ ಇದ್ಯಾಕೆ ಇಷ್ಟು ಮಂಕು?”

ಒಳ್ಳೆಯ ಪ್ರಶ್ನೆ. ಮಿರರ್‌ಲೆಸ್ ಕ್ಯಾಮೆರಾಗಳ ಭರಾಟೆಯಲ್ಲಿ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತಿರುವಾಗ, ಬೀರುವಿನ ಮೇಲಿದ್ದ ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾಗಳು ಮತ್ತೆ ಕೆಳಗಿಳಿಯುತ್ತಿರುವಾಗ, ಎರಡನ್ನೂ ಒಂದೇ ದಿನ ಕಣ್ಣಿಗಿಟ್ಟು ನೋಡಿದವರಿಗೆಲ್ಲ ಈ ಅನುಮಾನ ಹುಟ್ಟುತ್ತದೆ. ಐವತ್ತು ವರ್ಷದ ಹಿಂದಿನ ಯಂತ್ರ ಹೊಸದಕ್ಕಿಂತ ಚೆನ್ನಾಗಿ ತೋರಿಸುವುದೆಂದರೇನು?

ಎರಡರ ಹೊಟ್ಟೆಯೊಳಗಿನ ಏರ್ಪಾಡು ಒಂದೇ. ಲೆನ್ಸಿನಿಂದ ಬಂದ ಬೆಳಕು 45 ಡಿಗ್ರಿ ವಾಲಿದ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಅಲ್ಲೊಂದು ಮಬ್ಬುಗಾಜು, ಅದಕ್ಕೆ ಫೋಕಸಿಂಗ್ ಸ್ಕ್ರೀನ್ ಎಂದು ಹೆಸರು. ಚಿತ್ರ ಮೂಡುವುದು ಅದರ ಮೇಲೆ, ಎಡಬಲ ಅದಲುಬದಲಾಗಿ. ಅದನ್ನು ಸರಿಪಡಿಸಿ ಕಣ್ಣಿನ ಕಡೆಗೆ ಕಳಿಸುವುದು ಕ್ಯಾಮೆರಾದ ತಲೆಯ ಮೇಲಿನ ಉಬ್ಬಿನಲ್ಲಿ ಕೂತ ಪೆಂಟಾಪ್ರಿಸಂ ಎಂಬ ಗಾಜಿನ ಗಟ್ಟಿ. ಕಟ್ಟಕಡೆಗೆ ಐಪೀಸ್, ಅಂದರೆ ಒಂದು ಭೂತಗನ್ನಡಿ. 1949ರಲ್ಲಿ ಡ್ರೆಸ್ಡೆನ್‌ನಿಂದ ಬಂದ ಕಾಂಟ್ಯಾಕ್ಸ್ ಎಸ್ ಈ ಪ್ರಿಸಂ ಹೊತ್ತ ಮೊದಮೊದಲ 35 ಮಿ.ಮೀ. ಕ್ಯಾಮೆರಾಗಳಲ್ಲೊಂದು. ಅಲ್ಲಿಂದೀಚೆಗೆ ಮೂಲ ನಕ್ಷೆ ಹೆಚ್ಚೇನೂ ಬದಲಾಗಿಲ್ಲ.

ಬದಲಾದದ್ದು ಮಬ್ಬುಗಾಜಿನ ಅಳತೆ. ಫಿಲ್ಮ್ ಅಥವಾ ಸೆನ್ಸರ್ ಎಷ್ಟು ದೊಡ್ಡದೋ ಮಬ್ಬುಗಾಜಿನ ಮೇಲಿನ ಚಿತ್ರವೂ ಅಷ್ಟೇ ದೊಡ್ಡದು, ಏಕೆಂದರೆ ಲೆನ್ಸಿನಿಂದ ಎರಡಕ್ಕೂ ಇರುವ ದೂರ ಒಂದೇ. 35 ಮಿ.ಮೀ. ಫಿಲ್ಮಿನ ಚೌಕಟ್ಟು 36×24 ಮಿ.ಮೀ. ಹುಡುಗಿಯ ಕೈಲಿದ್ದಂಥ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಕೂರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.6×15.7 ಮಿ.ಮೀ. ವಿಸ್ತೀರ್ಣದಲ್ಲಿ ಫಿಲ್ಮಿನ ಅರ್ಧಕ್ಕಿಂತ ಕಡಿಮೆ. ಒಲಿಂಪಸ್ ನೆಚ್ಚಿಕೊಂಡ ಫೋರ್ ಥರ್ಡ್ಸ್ ಸೆನ್ಸರ್ 17.3×13 ಮಿ.ಮೀ., ಹೆಚ್ಚುಕಡಿಮೆ ಕಾಲು ಭಾಗ.

ಕಣ್ಣು ನೋಡುವುದು ಹೊರಗಿನ ಬೀದಿಯನ್ನಲ್ಲ, ಈ ಪುಟ್ಟ ಗಾಜಿನ ಮೇಲೆ ಬಿದ್ದ ಅದರ ಬಿಂಬವನ್ನು. ಗಾಜು ಚಿಕ್ಕದಾದರೆ ನೋಟವೂ ಚಿಕ್ಕದು. ಇಷ್ಟರವರೆಗೆ ಜಗಳವಿಲ್ಲ.

ಚೌಕದೊಳಗೆ: 0.92 ಮತ್ತು 0.8ರ ನಡುವಿನ ಮೋಸ

ವ್ಯೂಫೈಂಡರಿನ ವರ್ಧನೆಯನ್ನು ಅಳೆಯುವುದು 50 ಮಿ.ಮೀ. ಲೆನ್ಸ್ ಹಾಕಿ, ಅದನ್ನು ಅನಂತ ದೂರಕ್ಕೆ ಫೋಕಸ್ ಮಾಡಿ. ಒಎಂ-1ರಲ್ಲಿ 0.92, ಅಗ್ಗದ ಎಪಿಎಸ್-ಸಿ ಕ್ಯಾಮೆರಾದಲ್ಲಿ ಸುಮಾರು 0.8. ಕಾಗದದ ಮೇಲೆ ಅಂಥ ವ್ಯತ್ಯಾಸವೇನಿಲ್ಲ. ಆದರೆ ಚಿಕ್ಕ ಸೆನ್ಸರಿನಲ್ಲಿ 50 ಮಿ.ಮೀ. ಲೆನ್ಸ್ ದೃಶ್ಯದ ಸಣ್ಣ ತುಂಡನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಆ ಅಂಕಿಯನ್ನು ಎಪಿಎಸ್-ಸಿಗೆ 1.5ರಿಂದ (ಕ್ಯಾನನ್ ಆದರೆ 1.6ರಿಂದ), ಫೋರ್ ಥರ್ಡ್ಸ್‌ಗೆ 2ರಿಂದ ಭಾಗಿಸಬೇಕು. 0.8 ಆಗ 0.53 ಆಗುತ್ತದೆ. ಕಣ್ಣಿಗೆ ಕಾಣುವ ಚೌಕಟ್ಟಿನ ವಿಸ್ತೀರ್ಣದಲ್ಲಿ ಒಎಂ-1ಕ್ಕೂ ಇದಕ್ಕೂ ಸುಮಾರು ಮೂರು ಪಟ್ಟು ಅಂತರ.

ಈಗ ಗೊಂದಲದ ಜಾಗಕ್ಕೆ ಬರೋಣ. ಚಿಕ್ಕದು ಸರಿ, ಮಂಕು ಏಕೆ?

ಮಬ್ಬುಗಾಜಿನ ಒಂದು ಚದರ ಮಿಲಿಮೀಟರಿನ ಮೇಲೆ ಎಷ್ಟು ಬೆಳಕು ಬೀಳಬೇಕೆಂದು ತೀರ್ಮಾನಿಸುವುದು ಲೆನ್ಸಿನ ಎಫ್ ಸಂಖ್ಯೆ. ಸೆನ್ಸರಿಗೆ ಅದರಲ್ಲಿ ಮಾತಿಲ್ಲ. ಎಫ್ 2 ಲೆನ್ಸ್ ದೊಡ್ಡ ಗಾಜಿಗೂ ಚಿಕ್ಕ ಗಾಜಿಗೂ ಚದರ ಮಿಲಿಮೀಟರಿಗೆ ಒಂದೇ ಪ್ರಮಾಣದ ಬೆಳಕು ಚೆಲ್ಲುತ್ತದೆ. ಇನ್ನು ಐಪೀಸು. ಅದು ಚಿತ್ರವನ್ನು ಹಿಗ್ಗಿಸೀತೇ ಹೊರತು, ಕಣ್ಣಿನ ಪಾಪೆ ತುಂಬುವಷ್ಟು ಬೆಳಕಿನ ಕಟ್ಟು ಹೊರಬರುವವರೆಗೂ ಅದರ ಕಾಂತಿಯನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಹಳೇ ಮನೆಯ ಬೆಳಕಿಂಡಿಯಲ್ಲಿ ಕಾಣುವ ಆಕಾಶ ದೊಡ್ಡ ಕಿಟಕಿಯಲ್ಲಿ ಕಾಣುವ ಆಕಾಶಕ್ಕಿಂತ ಕಪ್ಪಗಿರುವುದಿಲ್ಲ. ಕೋಣೆಯೊಳಗೆ ಬರುವ ಒಟ್ಟು ಬೆಳಕು ಕಡಿಮೆ, ಅಷ್ಟೆ.

ಹಾಗಾದರೆ ಹುಡುಗಿಯ ಕಣ್ಣು ಸುಳ್ಳು ಹೇಳಿತೇ? ಇಲ್ಲ. ಇಟಲಿಯ ಖಗೋಳವಿಜ್ಞಾನಿ ಅನಿಬಾಲೆ ರಿಕ್ಕೊ 1877ರಲ್ಲೇ ಗಮನಿಸಿದ ಸಂಗತಿಯೊಂದು ಅವಳ ಪರವಾಗಿದೆ. ಕತ್ತಲಲ್ಲಿ ಸಣ್ಣ ಚುಕ್ಕೆಯೊಂದು ಕಣ್ಣಿಗೆ ಬೀಳಬೇಕಾದರೆ ಅದರ ಕಾಂತಿಯೊಂದೇ ಸಾಲದು, ಕಾಂತಿ ಮತ್ತು ವಿಸ್ತೀರ್ಣದ ಗುಣಲಬ್ಧ ಒಂದು ಮಟ್ಟ ಮುಟ್ಟಬೇಕು. ಅಕ್ಷಿಪಟದ ಕೋಶಗಳು ಅಕ್ಕಪಕ್ಕದ ಬೆಳಕನ್ನು ಕೂಡಿಸಿಕೊಂಡು ಮೆದುಳಿಗೆ ವರದಿ ಮಾಡುತ್ತವೆ. ಚುಕ್ಕೆ ಚಿಕ್ಕದಾದಷ್ಟೂ ಕೂಡಿಸಲು ಸಿಗುವ ಬೆಳಕು ಕಡಿಮೆ. ಮಟಮಟ ಮಧ್ಯಾಹ್ನದಲ್ಲಿ ಈ ನಿಯಮದ ಗೊಡವೆಯಿಲ್ಲ. ಆದರೆ ಸಂಜೆಗತ್ತಲಲ್ಲಿ ಪೆನ್ಸಿಲ್ ಹಿಡಿದ ಬೆರಳಿನ ಅಂಚು ಹುಡುಕುವಾಗ ಚಿಕ್ಕ ಬಿಂಬ ನಿಜಕ್ಕೂ ಕೈಕೊಡುತ್ತದೆ. ವ್ಯೂಫೈಂಡರ್ ಕತ್ತಲಾಗಿರುವುದಿಲ್ಲ, ಅದರೊಳಗಿನ ವಿವರ ಕಣ್ಣಿಗೆ ದಕ್ಕುವುದಿಲ್ಲ. ಬಳಸುವವರ ಪಾಲಿಗೆ ಎರಡೂ ಒಂದೇ ತಾನೇ.

ಇದು ಸೆನ್ಸರಿನ ಪಾಲು. ಮಿಕ್ಕ ಕತ್ತಲೆಯನ್ನು ಇತರರು ಹಂಚಿಕೊಂಡಿದ್ದಾರೆ.

ಮೊದಲ ಪಾಲು ಲೆನ್ಸಿನದು. ಡಿಎಸ್‌ಎಲ್‌ಆರ್ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್ 55ರ ಕೊನೆಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಎಂ-1ರ ಮುಂದಿದ್ದದ್ದು 50 ಮಿ.ಮೀ. ಎಫ್ 1.8. ಎರಡನೆಯದು ಮೊದಲನೆಯದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಚಿತ್ರಸಂತೆಯಲ್ಲಿ ಹುಡುಗಿ ಕಂಡ ವ್ಯತ್ಯಾಸದಲ್ಲಿ ಸಿಂಹಪಾಲು ಇದರದೇ ಎಂದರೆ ತಪ್ಪಾಗದು. ಪಾಪ, ಬೈಗುಳ ಮಾತ್ರ ಸೆನ್ಸರಿಗೆ.

ಎರಡನೆಯದು ಕನ್ನಡಿಯದು. ಆಟೊಫೋಕಸ್ ಬಂದ ಮೇಲೆ ಕನ್ನಡಿಯ ನಡುಭಾಗವನ್ನು ಅರೆಪಾರದರ್ಶಕ ಮಾಡಿ, ಒಂದಷ್ಟು ಬೆಳಕನ್ನು ಅದರ ಹಿಂದಿನ ಇನ್ನೊಂದು ಪುಟ್ಟ ಕನ್ನಡಿಯ ಮೂಲಕ ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರಿಗೆ ಇಳಿಸತೊಡಗಿದರು. ಆ ಬೆಳಕು ಕಣ್ಣಿಗೆ ಸಿಗದು. ಒಎಂ-1ರಲ್ಲಿ ಈ ಕಂದಾಯ ಇರಲಿಲ್ಲ.

ಮೂರನೆಯದು ತಲೆಯ ಮೇಲಿನ ಗಟ್ಟಿಯದು. ಅಪ್ಪಟ ಪೆಂಟಾಪ್ರಿಸಂ ಎಂದರೆ ಉಜ್ಜಿ ನಯಮಾಡಿದ ಒಂದೇ ಗಾಜು, ಭಾರವೂ ಹೌದು, ದುಬಾರಿಯೂ ಹೌದು. ಅಗ್ಗದ ಕ್ಯಾಮೆರಾಗಳಲ್ಲಿ ಅದರ ಬದಲು ಕನ್ನಡಿಗಳನ್ನು ಅಂಟಿಸಿ ಮಾಡಿದ ಟೊಳ್ಳು ಗೂಡು ಇರುತ್ತದೆ, ಅದೇ ಪೆಂಟಾಮಿರರ್. ಪ್ರತಿ ಕನ್ನಡಿಯೂ ಸ್ವಲ್ಪ ಬೆಳಕು ನುಂಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಗಾಜಿನೊಳಗೆ ವಕ್ರೀಭವನದಿಂದಾಗಿ ಬೆಳಕಿನ ದಾರಿ ಗಿಡ್ಡವಾದಂತೆ ಆಗುತ್ತದೆ, ಹಾಗಾಗಿ ಬಲವಾದ ಐಪೀಸ್ ಹಾಕಿ ಚಿತ್ರವನ್ನು ಹಿಗ್ಗಿಸಬಹುದು. ಟೊಳ್ಳು ಗೂಡಿನಲ್ಲಿ ದಾರಿ ಉದ್ದವಾಗಿಯೇ ಉಳಿಯುತ್ತದೆ. ಐಪೀಸ್ ದುರ್ಬಲವಾಗುತ್ತದೆ, ಮೊದಲೇ ಚಿಕ್ಕದಾದ ಚಿತ್ರ ಇನ್ನಷ್ಟು ಕುಗ್ಗುತ್ತದೆ.

ಚಿಕ್ಕ ಸೆನ್ಸರ್ ಇದ್ದ ಕಡೆಯೇ ಕಿಟ್ ಲೆನ್ಸೂ ಪೆಂಟಾಮಿರರೂ ಇದ್ದದ್ದು ಆಕಸ್ಮಿಕವಲ್ಲ. ಮೂರೂ ಒಂದೇ ಬೆಲೆಪಟ್ಟಿಯ ಮಕ್ಕಳು. ದೊಡ್ಡ ಚಿಪ್ಪುಗಳಾದರೆ ಒಂದು ಸಿಲಿಕಾನ್ ಬಿಲ್ಲೆಯಲ್ಲಿ ಕೆಲವೇ ಹುಟ್ಟುತ್ತವೆ, ಒಂದು ಕಣ ದೋಷವಿದ್ದರೂ ಇಡೀ ಚಿಪ್ಪು ಕಸ. ಸಾಲದ್ದಕ್ಕೆ 36×24 ಮಿ.ಮೀ. ಚೌಕಟ್ಟು ಚಿಪ್ ಅಚ್ಚೊತ್ತುವ ಯಂತ್ರದ ಒಂದು ಸಲದ ವ್ಯಾಪ್ತಿಗಿಂತ ದೊಡ್ಡದು, ತುಂಡುತುಂಡಾಗಿ ಅಚ್ಚೊತ್ತಿ ಜೋಡಿಸಬೇಕು. 2002ರಲ್ಲಿ ಬಂದ ಕ್ಯಾನನ್‌ನ ಫುಲ್‌ಫ್ರೇಮ್ (ಅಂದರೆ ಪೂರ್ತಿ 36×24 ಅಳತೆಯ) ಇಒಎಸ್-1ಡಿಎಸ್ ಬೆಲೆ ಸುಮಾರು 8,000 ಡಾಲರ್. ಮರುವರ್ಷ ಎಪಿಎಸ್-ಸಿ ಸೆನ್ಸರ್, ಪೆಂಟಾಮಿರರ್ ಇದ್ದ ಇಒಎಸ್ 300ಡಿ ಬಂದಾಗ ಬೆಲೆ ಸಾವಿರ ಡಾಲರಿಗಿಂತ ಕೆಳಗೆ. ಮನೆಮನೆಗೆ ಡಿಎಸ್‌ಎಲ್‌ಆರ್ ಬಂದದ್ದು ಈ ಎರಡನೆಯ ದಾರಿಯಲ್ಲಿ. ಇಕ್ಕಟ್ಟಾದ ವ್ಯೂಫೈಂಡರ್ ಆ ಅಗ್ಗಕ್ಕೆ ತೆತ್ತ ಸುಂಕ.

ಚೌಕದೊಳಗೆ: ಬೆಳಗುವ ಗಾಜಿನ ಗುಟ್ಟು

ಎಫ್ 5.6ರ ಜೂಮ್‌ಗಳು ಮಾಮೂಲಾದ ಮೇಲೆ ತಯಾರಕರು ಮಬ್ಬುಗಾಜನ್ನೇ ಬದಲಿಸಿದರು. ಹಳೆಯ ಗಾಜು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತಿತ್ತು. ಸೂಕ್ಷ್ಮ ರಚನೆಗಳನ್ನು ಕೊರೆದ ಹೊಸ ಗಾಜು ಅದನ್ನು ಕಿರಿದಾದ ಕಟ್ಟಿನಲ್ಲಿ ನೇರ ಕಣ್ಣಿಗೆ ಕಳಿಸುತ್ತದೆ. ಮಿನೋಲ್ಟಾದ ಅಕ್ಯೂಟ್ ಮ್ಯಾಟ್ ಇಂಥ ಗಾಜುಗಳಲ್ಲಿ ಹೆಸರುವಾಸಿ. ನೋಟ ಬೆಳಗಿತು, ಆದರೆ ಬೇರೊಂದು ಹೋಯಿತು. ಎಫ್ 1.4 ಲೆನ್ಸ್ ಹಾಕಿದರೂ ಈ ಗಾಜಿನಲ್ಲಿ ಕಾಣುವ ಹಿನ್ನೆಲೆಯ ಮಸುಕು ಹೆಚ್ಚುಕಡಿಮೆ ಎಫ್ 2.8ರದು.

ನಂಬಿಕೆ ಬಾರದಿದ್ದರೆ ಪರೀಕ್ಷಿಸಬಹುದು. ಒತ್ತಿದಾಗ ಅಪರ್ಚರನ್ನು ಇಟ್ಟ ಅಳತೆಗೆ ಕಿರಿದಾಗಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿಯಿರುವ ಡಿಎಸ್‌ಎಲ್‌ಆರ್‌ಗೆ ಎಫ್ 1.8 ಲೆನ್ಸ್ ಹಾಕಿ, ಅಪರ್ಚರನ್ನು 2.5ಕ್ಕೆ ಇಟ್ಟು ಗುಂಡಿ ಒತ್ತಿ. ವ್ಯೂಫೈಂಡರಿನಲ್ಲಿ ಬದಲಾವಣೆ ಕಂಡರೂ ತೀರ ಅತ್ಯಲ್ಪ. 8ಕ್ಕೆ ಇಟ್ಟು ಒತ್ತಿದರೆ ಒಮ್ಮೆಲೇ ಕತ್ತಲು.

ಈ ಕಥೆಯನ್ನು ಒಬ್ಬ ಮನುಷ್ಯನ, ಒಂದು ಕಂಪನಿಯ ಬೆನ್ನು ಹಿಡಿದು ನೋಡಿದರೆ ಸ್ವಾರಸ್ಯ ಹೆಚ್ಚು. ಮನುಷ್ಯ ಯೊಶಿಹಿಸಾ ಮೈತಾನಿ. 1956ರಲ್ಲಿ ಒಲಿಂಪಸ್ ಸೇರಿದ ಈ ಜಪಾನೀ ಎಂಜಿನಿಯರ್‌ಗೆ ಕ್ಯಾಮೆರಾವನ್ನು ಚಿಕ್ಕದು ಮಾಡುವ ಗೀಳು. 1963ರಲ್ಲಿ ಆತ ರೂಪಿಸಿದ ಪೆನ್-ಎಫ್, 35 ಮಿ.ಮೀ. ಫಿಲ್ಮಿನ ಅರ್ಧ ಚೌಕಟ್ಟನ್ನಷ್ಟೇ ಬಳಸುವ ಎಸ್‌ಎಲ್‌ಆರ್. ಅಳತೆ 18×24 ಮಿ.ಮೀ., ಇವತ್ತಿನ ಎಪಿಎಸ್-ಸಿಗೆ ಬಲು ಹತ್ತಿರ. ತಲೆಯ ಮೇಲೆ ಉಬ್ಬು ಬೇಡವೆಂದು ಕನ್ನಡಿಯನ್ನು ಮೇಲಕ್ಕಲ್ಲ, ಪಕ್ಕಕ್ಕೆ ತಿರುಗಿಸಿದ. ಬೆಳಕು ಅಡ್ಡಡ್ಡ ಸಾಗಿ ಸುತ್ತಿ ಬಳಸಿ ಕಣ್ಣಿಗೆ ಬರುತ್ತಿತ್ತು.

1966ರಲ್ಲಿ ಅದಕ್ಕೆ ಲೈಟ್ ಮೀಟರ್ ಸೇರಿ ಪೆನ್-ಎಫ್‌ಟಿ ಆಯಿತು. ಮೀಟರಿಗೆ ಬೆಳಕು ಬೇಕು. ಅದಕ್ಕಾಗಿ ಒಂದು ಅರೆಪಾರದರ್ಶಕ ಕನ್ನಡಿ ಹಾಕಿ ವ್ಯೂಫೈಂಡರಿನ ಪಾಲಿನಿಂದ ಕಡ ತೆಗೆದರು. ನೋಟ ಮಂಕಾಯಿತು. ಮರುವರ್ಷವೇ ಮೀಟರ್ ಕಿತ್ತು ಪೆನ್-ಎಫ್‌ವಿ ಎಂದು ಮಾರಿದರು, ಅದರ ಹೆಗ್ಗಳಿಕೆ ಬೆಳಗುವ ವ್ಯೂಫೈಂಡರ್. ಒಂದು ಸೌಲಭ್ಯ ತೆಗೆದುಹಾಕಿದ್ದನ್ನೇ ಗುಣವೆಂದು ಮಾರುವ ಪ್ರಸಂಗ ಕ್ಯಾಮೆರಾ ಲೋಕದಲ್ಲಿ ಅಪರೂಪ. ಆ ಬೆಳಕಿಗೆ ಗಿರಾಕಿಗಳು ಇದ್ದರೆಂಬುದಂತೂ ನಿಜ.

ಮೈತಾನಿ ಕಲಿತ ಪಾಠ 1972ರಲ್ಲಿ ಕಣ್ಣಿಗೆ ಕಂಡಿತು. ಎಂ-1 ಎಂಬ ಹೆಸರಲ್ಲಿ ಬಂದು, ಲೈಕಾ ಕಂಪನಿಯ ಆಕ್ಷೇಪದ ಮೇಲೆ ಒಎಂ-1 ಆದ ಈ ಕ್ಯಾಮೆರಾ ಪೂರ್ತಿ 36×24 ಚೌಕಟ್ಟಿನದು. ತೂಕ ಸುಮಾರು 510 ಗ್ರಾಂ, ಆ ಕಾಲದ ಎಸ್‌ಎಲ್‌ಆರ್‌ಗಳಿಗೆ ಹೋಲಿಸಿದರೆ ಹಗುರ. ಶಟರ್ ವೇಗದ ಚಕ್ರವನ್ನು ಲೆನ್ಸಿನ ಬುಡಕ್ಕೆ ಸರಿಸಿ ಮೇಲೆ ಜಾಗ ಉಳಿಸಿದ್ದ. ಕನ್ನಡಿಯನ್ನು ಮಾತ್ರ ದೊಡ್ಡದಾಗಿಯೇ ಇಟ್ಟ. ಶೇ 97ರಷ್ಟು ಚೌಕಟ್ಟು, 0.92 ವರ್ಧನೆ. ಕನ್ನಡಕದವರಿಗೆ ಮೂಲೆಗಳು ಕಾಣಲು ತುಸು ಕಷ್ಟ, ಅದೊಂದು ಕೊರತೆ. ಮಿಕ್ಕವರಿಗೆ ಹಬ್ಬ.

ಇದೇ ಒಲಿಂಪಸ್ 2003ರಲ್ಲಿ ಇ-1 ತಂದಿತು. ಕೊಡ್ಯಾಕ್ ಜೊತೆ ಸೇರಿ ರೂಪಿಸಿದ ಫೋರ್ ಥರ್ಡ್ಸ್ ವ್ಯವಸ್ಥೆಯ ಮೊದಲ ಕೂಸು. ಫಿಲ್ಮೇ ಇಲ್ಲದ ಮೇಲೆ ಫಿಲ್ಮಿನ ಅಳತೆಯ ಹಂಗೇಕೆ ಎಂಬುದು ವಾದ. ಸೆನ್ಸರ್ ಚಿಕ್ಕದಾದರೆ ಲೆನ್ಸ್ ಚಿಕ್ಕದು, ಚೀಲ ಹಗುರ. ವಾದ ಸುಳ್ಳಲ್ಲ. ಕಂಪನಿಯ ವಿವರಪಟ್ಟಿಯಲ್ಲಿ ವ್ಯೂಫೈಂಡರ್ ವರ್ಧನೆ 0.96 ಎಂದಿತ್ತು, ಒಎಂ-1ರ 0.92ಕ್ಕಿಂತ ಹೆಚ್ಚು! ಎರಡರಿಂದ ಭಾಗಿಸಿದವರಿಗೆ ಸಿಕ್ಕಿದ್ದು 0.48. ಮೂವತ್ತು ವರ್ಷದಲ್ಲಿ ಅದೇ ಕಂಪನಿಯ ನೋಟದ ವಿಸ್ತೀರ್ಣ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿತ್ತು. ವಿಮರ್ಶಕರು ಈ ಸರಣಿಯ ಕ್ಯಾಮೆರಾಗಳಿಗೆ ‘ಸುರಂಗ’ ಎಂಬ ಬಿರುದು ಕೊಟ್ಟರು.

ಮರುವರ್ಷದ ಇ-300ರಲ್ಲಿ ಪೆನ್-ಎಫ್‌ನ ಪಕ್ಕಕ್ಕೆ ತಿರುಗುವ ಕನ್ನಡಿ ಮತ್ತೆ ಬಂತು. ಜೊತೆಗೇ ಮಂಕು ನೋಟವೂ.

ಐಪೀಸಿನ ಬಲ ಹೆಚ್ಚಿಸಿದರೆ ಆಗದೇ? 2007ರ ಇ-3ರಲ್ಲಿ ಅದನ್ನೂ ಮಾಡಿ ನೋಡಿದರು. ವರ್ಧನೆ 1.15, ಚೌಕಟ್ಟು ಪೂರ್ತಿ ಶೇ 100, ಅಪ್ಪಟ ಗಾಜಿನ ಪ್ರಿಸಂ. ನೋಟ ಸುಧಾರಿಸಿತು, ಫುಲ್‌ಫ್ರೇಮ್ ಲೆಕ್ಕದಲ್ಲಿ 0.575ಕ್ಕೆ ಏರಿತು. ಆದರೆ ಐಪೀಸ್ ಬಲವಾದಷ್ಟೂ ಕಣ್ಣನ್ನು ನಿಖರವಾಗಿ ನಡುವಿನಲ್ಲೇ ಇಡಬೇಕು, ಮಬ್ಬುಗಾಜಿನ ತರಿಯೂ ಕಣ್ಣಿಗೆ ಹೊಡೆಯತೊಡಗುತ್ತದೆ, ಬಿಂಬದ ಅಂಚು ಸೊಟ್ಟಗಾಗದಂತೆ ಹೆಚ್ಚು ಗಾಜು ಸೇರಿಸಬೇಕು. ಹೀಗೆ ಗಟ್ಟಿಮುಟ್ಟಾಗಿ ಬೆಳೆದ ಇ-3ರ ತೂಕ ಸುಮಾರು 810 ಗ್ರಾಂ ಆಯಿತು. ಒಎಂ-1ರ ಕಾಲುಭಾಗದ ಸೆನ್ಸರ್, ಅದರ ಒಂದೂವರೆ ಪಟ್ಟು ಭಾರ, ಆದರೂ ಅದಕ್ಕಿಂತ ಕಿರಿದಾದ ನೋಟ. ಚಿಕ್ಕದಾಗಿರುವುದೇ ಧ್ಯೇಯವಾಗಿದ್ದ ವ್ಯವಸ್ಥೆಗೆ ಇದಕ್ಕಿಂತ ಮುಜುಗರ ಬೇಕೆ? 2010ರ ಇ-5ರೊಂದಿಗೆ ಒಲಿಂಪಸ್ ಕನ್ನಡಿಯ ಡಿಎಸ್‌ಎಲ್‌ಆರ್‌ಗಳಿಗೆ ಕೈಮುಗಿಯಿತು.

ಚೌಕದೊಳಗೆ: ಲೆನ್ಸಿನ ಹಂಗೇ ಬೇಡವೆಂದವರು

2004ರ ಎಪ್ಸನ್ ಆರ್-ಡಿ1 ಮೊದಲ ಡಿಜಿಟಲ್ ರೇಂಜ್‌ಫೈಂಡರ್. ಸೆನ್ಸರ್ ಎಪಿಎಸ್-ಸಿ, ಆದರೆ ವ್ಯೂಫೈಂಡರ್ ಬೇರೆಯೇ ಒಂದು ಗಾಜಿನ ಕಿಂಡಿ, ವರ್ಧನೆ ಬರೋಬ್ಬರಿ 1. ಎರಡೂ ಕಣ್ಣು ತೆರೆದು ನೋಡಬಹುದು. ಲೈಕಾ ಎಂ ಸರಣಿಯದೂ ಇದೇ ಮಾರ್ಗ. ಬೆಳಕು ಲೆನ್ಸಿನ ಮೂಲಕ ಬರುವುದೇ ಇಲ್ಲವಾದ್ದರಿಂದ ಲೆನ್ಸ್ ಎಫ್ 1.4 ಇರಲಿ, 5.6 ಇರಲಿ, ಸೆನ್ಸರ್ ಎಷ್ಟೇ ಇರಲಿ, ನೋಟದ ಕಾಂತಿ ಬದಲಾಗದು. ಟೆಲಿಫೋಟೊ ಹಾಕುವವರಿಗೆ ಮಾತ್ರ ಇದು ಹೇಳಿಸಿದ್ದಲ್ಲ.

ಗಂಟು ಬಿಡಿಸಿದ್ದು ಕನ್ನಡಿಯನ್ನೇ ಕಿತ್ತೆಸೆದವರು. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂತು. ಸೆನ್ಸರ್ ಅದೇ ಫೋರ್ ಥರ್ಡ್ಸ್ ಅಳತೆಯದು, ಆದರೆ ಕನ್ನಡಿ, ಮಬ್ಬುಗಾಜು, ಪ್ರಿಸಂ ಯಾವುದೂ ಇಲ್ಲ. ಸೆನ್ಸರ್ ಕಂಡದ್ದನ್ನು ಐಪೀಸಿನ ಹಿಂದಿರುವ ಪುಟ್ಟ ಎಲ್‌ಸಿಡಿ ತೋರಿಸುತ್ತದೆ. ವರ್ಧನೆ, ಫುಲ್‌ಫ್ರೇಮ್ ಲೆಕ್ಕದಲ್ಲಿ, 0.7. ಅಂದಿಗೆ ನಿಕಾನ್‌ನ ಅಗ್ರಶ್ರೇಣಿಯ ಫುಲ್‌ಫ್ರೇಮ್ ಡಿ3ರಲ್ಲಿದ್ದದ್ದೂ 0.7! ಕಾಲುಭಾಗದ ಸೆನ್ಸರಿನ ಹಗುರ ಕ್ಯಾಮೆರಾ ಒಂದೇ ನೆಗೆತಕ್ಕೆ ಅದರ ಸರಿಸಮ ನಿಂತಿತು. ನಿಜ, ಕಣ್ಣಾಡಿಸಿದರೆ ಬಣ್ಣಗಳು ಒಡೆದು ಕಾಮನಬಿಲ್ಲಿನ ಚೂರುಗಳು ಕಾಣುತ್ತಿದ್ದವು. ಹಳಬರು ಅದನ್ನು ಟಿ.ವಿ. ಎಂದು ಮೂಗುಮುರಿದರು. ಆದರೆ ಸೆನ್ಸರಿನ ಅಳತೆಗೂ ನೋಟದ ಅಳತೆಗೂ ಇದ್ದ ಕೊಂಡಿ ಅಂದೇ ಕಳಚಿತ್ತು.

ಅಲ್ಲಿಂದ ಕಾಂತಿ ಎಂದರೆ ಒಳಗಿನ ಪರದೆಯ ಕಾಂತಿ. ಅದನ್ನೀಗ ಟಿ.ವಿ., ಮೊಬೈಲಿನಂತೆ ನಿಟ್‌ಗಳಲ್ಲಿ ಅಳೆಯುತ್ತಾರೆ. 2021ರ ನಿಕಾನ್ ಝಡ್9ರ ವ್ಯೂಫೈಂಡರ್ 3,000 ನಿಟ್, 2024ರ ಝಡ್6-3ರದು 4,000. ಸುಡುಬಿಸಿಲಲ್ಲಿ ನಿಂತು ಕಣ್ಣಿಗಿಟ್ಟಾಗ ಹೊರಗಿನ ಪ್ರಪಂಚಕ್ಕೆ ಸರಿಗಟ್ಟಲು ಅಷ್ಟು ಬೇಕೇ ಬೇಕು. ಈ ಎರಡರಲ್ಲೂ ಇರುವುದು ಫುಲ್‌ಫ್ರೇಮ್ ಸೆನ್ಸರ್, ಆದರೆ ನಿಟ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಅದೇ ಪರದೆಯನ್ನು ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೂ ಅಷ್ಟೇ ಬೆಳಗುತ್ತದೆ.

ಹಾಗಂತ ಸೆನ್ಸರ್ ಪೂರ್ತಿ ಖುಲಾಸೆಯಾಗಲಿಲ್ಲ. ಮುಂಬಾಗಿಲಿಂದ ಹೋದದ್ದು ಹಿತ್ತಿಲಿಂದ ಬಂತು.

ಕತ್ತಲಾದಂತೆ ಕನ್ನಡಿಯ ವ್ಯೂಫೈಂಡರ್ ಕಪ್ಪಾಗುತ್ತದೆ, ಎಲೆಕ್ಟ್ರಾನಿಕ್ ವ್ಯೂಫೈಂಡರ್ ಹಾಗಲ್ಲ. ಅದು ಸಿಕ್ಕ ಬೆಳಕನ್ನು ಹಿಗ್ಗಿಸಿ, ಕಣ್ಣಿಗೆ ಕಾಣದ್ದನ್ನೂ ತೋರಿಸುತ್ತದೆ. ಆದರೆ ಹಿಗ್ಗಿಸಲು ಮೊದಲು ಒಂದಿಷ್ಟು ಸಿಗಬೇಕಲ್ಲ? ಒಂದೇ ಎಫ್ ಸಂಖ್ಯೆಯಲ್ಲಿ ಫುಲ್‌ಫ್ರೇಮ್ ಸೆನ್ಸರಿಗೆ ಸಿಗುವ ಒಟ್ಟು ಬೆಳಕು ಫೋರ್ ಥರ್ಡ್ಸ್‌ಗಿಂತ 3.8 ಪಟ್ಟು ಹೆಚ್ಚು. ಕಡಿಮೆ ಸಿಕ್ಕಿದ್ದನ್ನು ಹೆಚ್ಚು ಹಿಗ್ಗಿಸಿದಾಗ ಪರದೆಯ ತುಂಬ ಚುಕ್ಕೆಚುಕ್ಕೆ ಗದ್ದಲ. ಅದನ್ನು ತಗ್ಗಿಸಲು ಹಲವು ಕ್ಯಾಮೆರಾಗಳು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿಡುತ್ತವೆ. ಆಗ ಸೆಕೆಂಡಿಗೆ ಕಾಣುವ ಚಿತ್ರಗಳ ಸಂಖ್ಯೆ ಇಳಿದು, ಕ್ಯಾಮೆರಾ ಅಲುಗಿಸಿದರೆ ನೋಟ ಸವರಿದಂತೆ ಆಗುತ್ತದೆ. ಮಂಕು ಹೋಯಿತು, ಕಾಳುಕಾಳು ಬಂತು. ಕತ್ತಲಲ್ಲಿ ಚಿತ್ರ ತೆಗೆಯುವ ಛಾಯಾಗ್ರಾಹಕರು ಈಗ ದೂರುವುದು ಇದನ್ನೇ.

ಇನ್ನೊಂದು ಕಿರಿಕಿರಿಯೂ ಇದೆ. ನಡುರಾತ್ರಿಯಲ್ಲಿ ಬೆಳಗುವ ಪರದೆಗೆ ಕಣ್ಣಿಟ್ಟು ತೆಗೆದರೆ ಆ ಕಣ್ಣಿಗೆ ಸ್ವಲ್ಪ ಹೊತ್ತು ಹೊರಗೇನೂ ಕಾಣುವುದಿಲ್ಲ. ನಕ್ಷತ್ರಗಳ ಚಿತ್ರ ತೆಗೆಯುವವರು ಪರದೆಯ ಕಾಂತಿಯನ್ನು ತಳಕ್ಕಿಳಿಸಿಕೊಳ್ಳುವುದು ಅದಕ್ಕೇ.

ಮೈತಾನಿ 2009ರಲ್ಲಿ ತೀರಿಕೊಂಡರು. ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರಲ್ಲಿ ಒಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಹೊಸ ಕಂಪನಿಯ ಕೈಸೇರಿತು. ಮೊದಲ ಒಎಂ-1ಕ್ಕೆ ಐವತ್ತು ತುಂಬಿದ 2022ರಲ್ಲಿ ಆ ಕಂಪನಿ ಅದೇ ಹೆಸರಿಟ್ಟು ಮತ್ತೊಂದು ಕ್ಯಾಮೆರಾ ಬಿಟ್ಟಿತು. ಸೆನ್ಸರ್ 2003ರ ಇ-1ರ ಅಳತೆಯದೇ, 17.3×13 ಮಿ.ಮೀ. ವ್ಯೂಫೈಂಡರ್ ಮಾತ್ರ 57.6 ಲಕ್ಷ ಚುಕ್ಕೆಗಳ ಒಎಲ್‌ಇಡಿ, ಫುಲ್‌ಫ್ರೇಮ್ ಲೆಕ್ಕದಲ್ಲಿ 0.83. ಇ-1ರ 0.48 ಎಲ್ಲಿ, ಇದೆಲ್ಲಿ? ಆದರೂ 1972ರ 0.92ಕ್ಕೆ ಇನ್ನೂ ಒಂದು ಮೆಟ್ಟಿಲು ಬಾಕಿ.

ಬೆಲೆ ತೆರದೆ ಯಾವುದೂ ಬಂದಿಲ್ಲ. ಕನ್ನಡಿಯ ವ್ಯೂಫೈಂಡರ್ ಗಂಟೆಗಟ್ಟಲೆ ನೋಡಿದರೂ ಕರೆಂಟು ತಿನ್ನುವುದಿಲ್ಲ. ನಿಕಾನ್ ಡಿ850 ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ, ಉದ್ಯಮದ ಅಳತೆಯಂತೆ, 1,840 ಚಿತ್ರ ತೆಗೆಯುತ್ತದೆ. ಹೊಸ ಒಎಂ-1ಕ್ಕೆ ಅದೇ ಅಳತೆಯಲ್ಲಿ ಸಿಗುವುದು 520. ಹಕ್ಕಿ ಕಾಯುತ್ತ ಬೆಳಗಿನಿಂದ ಸಂಜೆವರೆಗೆ ಕಣ್ಣು ಕೀಳದೆ ಕೂರುವವರ ಚೀಲದಲ್ಲಿ ಎರಡು ಬ್ಯಾಟರಿ ಹೆಚ್ಚಿಗೆ ಇರುವುದು ಇದರಿಂದಲೇ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಳ್ಳಲು ಹೊರಟವರಿಗೆ ಇದರಿಂದ ಒಂದು ಉಪಯೋಗವುಂಟು. ಅಂಗಡಿಯವರು ಮೆಗಾಪಿಕ್ಸೆಲ್ ಹೇಳುವಾಗ ವಿವರಪಟ್ಟಿಯಲ್ಲಿ ಪೆಂಟಾಪ್ರಿಸಂ ಎಂದಿದೆಯೋ ಪೆಂಟಾಮಿರರ್ ಎಂದಿದೆಯೋ ನೋಡಿಕೊಳ್ಳಬಹುದು. ಎಪಿಎಸ್-ಸಿಯಲ್ಲೂ ಕಣ್ಣಿಗೆ ಹಿತವಾದವು ಇವೆ. 2009ರ ಕ್ಯಾನನ್ 7ಡಿ, 2016ರ ನಿಕಾನ್ ಡಿ500 ಎರಡರಲ್ಲೂ ಗಾಜಿನ ಪ್ರಿಸಂ, ವರ್ಧನೆ 1, ಪೂರ್ತಿ ಚೌಕಟ್ಟು. ಭಾಗಿಸಿದ ಮೇಲೂ ಡಿ500ಕ್ಕೆ 0.67 ಉಳಿಯುತ್ತದೆ, ಫುಲ್‌ಫ್ರೇಮ್‌ಗಳ 0.7ರ ಮಗ್ಗುಲಿಗೇ. ಕ್ಯಾಮೆರಾ ಬದಲಿಸುವ ಯೋಚನೆಯೇ ಇಲ್ಲದವರಿಗೆ ಕಡಿಮೆ ಖರ್ಚಿನ ಮದ್ದು 50 ಮಿ.ಮೀ. ಎಫ್ 1.8 ಲೆನ್ಸ್. ಕಿಟ್ ಲೆನ್ಸ್ ಕಳಚಿ ಇದನ್ನು ಹಾಕಿದರೆ ಅದೇ ಸೆನ್ಸರ್, ಅದೇ ಪೆಂಟಾಮಿರರ್, ಆದರೂ ನೋಟ ಬೆಳಗುವುದು ಕಣ್ಣಿಗೆ ಗೊತ್ತಾಗುತ್ತದೆ.

ಹೊಸ ಒಎಂ-1ರ ಮೆನುವಿನಲ್ಲಿ ‘ಎಸ್-ಒವಿಎಫ್’ ಎಂಬ ಆಯ್ಕೆಯೊಂದಿದೆ. ಅದನ್ನು ಹಾಕಿದರೆ ಎಲೆಕ್ಟ್ರಾನಿಕ್ ಪರದೆ ಹಳೆಯ ಗಾಜಿನ ವ್ಯೂಫೈಂಡರಿನಂತೆ ನಟಿಸುತ್ತದೆ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಏರಿಳಿತಗಳನ್ನು ಬದಿಗಿಟ್ಟು, ನೆರಳು ಬೆಳಕುಗಳನ್ನು ಬರಿಗಣ್ಣಿಗೆ ಹತ್ತಿರವಾಗಿ ತೋರಿಸುತ್ತದೆ. ಬೆಳಕಿಗೆ ಬೆನ್ನು ಹಾಕಿ ಕೂತ ಹಕ್ಕಿಯ ಗರಿಗಳ ವಿವರ ಕಾಣಬೇಕೆನ್ನುವವರಿಗೆ ಅದು ಅನುಕೂಲ. ಚಿತ್ರ ಎಷ್ಟು ಕಪ್ಪಾಗಿ ಬರಲಿದೆ ಎಂಬುದು ಮಾತ್ರ ಆಗ ವ್ಯೂಫೈಂಡರಿನಲ್ಲಿ ತಿಳಿಯದು, ಅದಕ್ಕೆ ಹಿಸ್ಟೋಗ್ರಾಮ್ ನೋಡಿಕೊಳ್ಳಬೇಕು.